ಕಾಲಿದ್ದವರ ಸಂತೆ: ಜಾಗತೀಕರಣದಲ್ಲಿ ಯಾರ ಪಾಲಿಗೆ ಎಷ್ಟು ಬಂತು?

2011ರ ಫೆಬ್ರವರಿ 28, ದಿಲ್ಲಿಯಲ್ಲಿ ಪ್ರಣಬ್ ಮುಖರ್ಜಿ ಬಜೆಟ್ ಮಂಡಿಸಿದ ದಿನ. ಟೀವಿ ಮುಂದೆ ಕೂತ ಸಂಬಳದವರಿಗೆಲ್ಲ ಆದಾಯ ತೆರಿಗೆಯದ್ದೇ ಚಿಂತೆ. ಅಂದಿನ ಸುಂಕದ ಪಟ್ಟಿಯಲ್ಲಿ ಕಚ್ಚಾ ರೇಷ್ಮೆಯದ್ದೂ ಒಂದು ಸಾಲಿತ್ತು. ಹೊರದೇಶದಿಂದ ಬರುವ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಅಷ್ಟೇ. ಆದರೆ ಆ ಒಂದು ಸಾಲಿನ ಬಿಸಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ತಟ್ಟಿತು. ಆ ವರ್ಷ ಗೂಡಿನ ಬೆಲೆ ಕುಸಿಯಿತು.

ರೇಷ್ಮೆ ಸಾಕಿದ ಮನೆಯವರಿಗೆ ಇದರ ಸಂಕಟ ಗೊತ್ತು. ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ, ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟೆಯಲ್ಲಿ ಗೂಡು ಕಟ್ಟುವ ತನಕ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡುವುದಿಲ್ಲ. ಅಷ್ಟೆಲ್ಲ ಮಾಡಿ ಗೂಡು ಬಿಡಿಸಿದ ಮೇಲೆ, ಬೆಲೆ ಬರಲಿ ಅಂತ ಅಟ್ಟದ ಮೇಲಿಟ್ಟು ಕಾಯುವಂತೆಯೂ ಇಲ್ಲ. ಹೆಚ್ಚು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆಮೇಲೆ ಅದರಿಂದ ನೂಲು ಬಿಚ್ಚಲಾಗದು. ಹಾಗಾಗಿ ಅವತ್ತಿನ ಹರಾಜಿನಲ್ಲಿ ಎಷ್ಟಕ್ಕೆ ನಿಂತಿತೋ ಅಷ್ಟೇ ಬೆಲೆ.

ಈಗ ಇದನ್ನೇ ಇನ್ನೊಂದು ಕಡೆಯಿಂದ ನೋಡೋಣ. ದೊಡ್ಡಬಳ್ಳಾಪುರದ ಮಗ್ಗದವರಿಗೆ, ಬನಾರಸ್ಸಿನ ನೇಕಾರರಿಗೆ ಚೀನಾದ ನೂಲು ಅಗ್ಗವಾದರೆ ಒಳ್ಳೆಯದೇ. ಮದುವೆ ಸೀರೆ ಕೊಳ್ಳುವವರಿಗೂ ನಾಲ್ಕು ಕಾಸು ಉಳಿಯಬಹುದು. ಅತ್ತ ಚೀನಾದಲ್ಲಿ ನೂಲು ಬಿಚ್ಚುವ ಕಾರ್ಖಾನೆಯ ಹೆಂಗಸಿಗೆ ಕೆಲಸ ಗಟ್ಟಿಯಾಯಿತು. ಆಕೆಯೂ ಬಡವರ ಮನೆಯವಳೇ. ಸುಂಕ ಇಳಿದದ್ದು ಒಂದೇ ಸಲ, ಆದರೆ ರಾಮನಗರದಲ್ಲಿ ಕಣ್ಣೀರು, ಅಲ್ಲಿಂದ ಒಂದೆರಡು ಗಂಟೆ ದಾರಿಯ ದೊಡ್ಡಬಳ್ಳಾಪುರದಲ್ಲಿ ನೆಮ್ಮದಿಯ ನಿಟ್ಟುಸಿರು. ದೇಶಕ್ಕೆ ಲಾಭವಾಯಿತಾ ಅಂತ ಕೇಳಿದರೆ ಲೆಕ್ಕ ಮಾಡಿ ಹೌದು ಅನ್ನುವವರು ಸಿಗಬಹುದು. ಆದರೆ ದೇಶ ಅನ್ನುವ ಒಬ್ಬ ಆಸಾಮಿ ಎಲ್ಲೂ ಗೂಡು ಮಾರಲು ಬರುವುದಿಲ್ಲವಲ್ಲ.

ಜಾಗತೀಕರಣದಿಂದ ಅಸಮಾನತೆ ಹೆಚ್ಚಿತೋ ತಗ್ಗಿತೋ ಎಂಬ ಜಗಳ ಮುಗಿಯದಿರುವುದಕ್ಕೆ ಕಾರಣ ಇಲ್ಲೇ ಇದೆ. ಜಗಳಕ್ಕೆ ಬಂದ ಇಬ್ಬರೂ ಬೇರೆ ಬೇರೆ ಅಸಮಾನತೆಯ ಬಗ್ಗೆ ಮಾತಾಡುತ್ತಿರುತ್ತಾರೆ. ಒಂದು, ದೇಶ ದೇಶಗಳ ನಡುವಿನ ಅಂತರ. ಅಂದರೆ ಸರಾಸರಿ ಅಮೆರಿಕದವನಿಗೂ ಸರಾಸರಿ ಭಾರತೀಯನಿಗೂ ಎಷ್ಟು ದೂರ ಅನ್ನುವುದು. ಇನ್ನೊಂದು, ಒಂದೇ ದೇಶದೊಳಗಿನ ಅಂತರ. ಬೆಂಗಳೂರಿನ ಐಟಿ ಪಾರ್ಕಿಗೂ ಕಲಬುರಗಿಯ ತೊಗರಿ ಹೊಲಕ್ಕೂ ಎಷ್ಟು ದೂರ ಅನ್ನುವುದು. ಕಳೆದ ಮೂರು ನಾಲ್ಕು ದಶಕಗಳಲ್ಲಿ ಮೊದಲನೆಯದು ಒಟ್ಟಾರೆ ತಗ್ಗಿದೆ. ಎರಡನೆಯದು ಚೀನಾ, ಭಾರತ, ಅಮೆರಿಕ ಮುಂತಾದ ದೊಡ್ಡ ದೇಶಗಳಲ್ಲಿ ಹಿಗ್ಗಿದೆ. ಎರಡೂ ನಿಜ.

ಹಾಗಂತ ಮೊದಲನೆಯದನ್ನೂ ಸುಮ್ನೆ ನಂಬಬೇಡಿ. 1990ರಲ್ಲಿ ಭಾರತದ ತಲಾ ಆದಾಯ ಸುಮಾರು 370 ಡಾಲರ್. ಅಮೆರಿಕದ್ದು ಸುಮಾರು 24,000. ಅಂದರೆ ಅವರದ್ದು ನಮ್ಮ ಅರವತ್ತೈದು ಪಟ್ಟು. 2023ಕ್ಕೆ ಬನ್ನಿ. ನಮ್ಮದು 2,500 ಡಾಲರ್ ಆಸುಪಾಸು, ಅವರದ್ದು 82,000 ಆಸುಪಾಸು. ಈಗ ಅವರದ್ದು ನಮ್ಮ ಮೂವತ್ತಮೂರು ಪಟ್ಟು. ಪಟ್ಟಿನ ಲೆಕ್ಕದಲ್ಲಿ ಅಂತರ ಅರ್ಧವಾಯಿತು. ಡಾಲರ್ ಲೆಕ್ಕದಲ್ಲಿ ಕಳೆದು ನೋಡಿ: ಆಗ ಸುಮಾರು 23,600 ಇದ್ದ ಅಂತರ ಈಗ 79,500ರ ಹತ್ತಿರ ಬಂದಿದೆ. ಮೂರು ಪಟ್ಟಿಗೂ ಜಾಸ್ತಿ! ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಪಟ್ಟಿನ ಲೆಕ್ಕ ಹಿಡಿಯುತ್ತಾರೆ. ಬೀಗರ ಮನೆಗೆ ಹೋದಾಗ ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಎರಡನೇ ಲೆಕ್ಕ. ಯಾರಾದರೂ ಅಂತರ ಕಡಿಮೆಯಾಯಿತು ಅಂದಾಗ ಯಾವ ಲೆಕ್ಕ ಸ್ವಾಮಿ ಅಂತ ಕೇಳುವುದು ಒಳ್ಳೆಯದು.

ಆನೆಯ ಬೆನ್ನು, ಆನೆಯ ಸೊಂಡಿಲು

ಈ ಎರಡೂ ಅಸಮಾನತೆಗಳನ್ನು ಒಂದೇ ಚಿತ್ರದಲ್ಲಿ ಹಿಡಿದವರು ಬ್ರಾಂಕೊ ಮಿಲನೋವಿಚ್ ಮತ್ತು ಕ್ರಿಸ್ಟೋಫ್ ಲಾಕ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು. ಅವರು ದೇಶದ ಗಡಿಗಳನ್ನು ಬದಿಗಿಟ್ಟರು. ಜಗತ್ತಿನ ಜನರನ್ನೆಲ್ಲ ಕಡುಬಡವರಿಂದ ಕುಬೇರರ ತನಕ ಒಂದೇ ಸಾಲಿನಲ್ಲಿ ನಿಲ್ಲಿಸಿದ ಹಾಗೆ ಲೆಕ್ಕ ಹಾಕಿದರು. 1988ರಿಂದ 2008ರ ನಡುವೆ ಆ ಸಾಲಿನ ಯಾವ ಜಾಗದವರ ಆದಾಯ ಶೇಕಡಾ ಎಷ್ಟು ಏರಿತು ಅಂತ ಗೆರೆ ಎಳೆದರು. ಗೆರೆ ನೋಡಲು ಸೊಂಡಿಲು ಎತ್ತಿದ ಆನೆಯ ಹಾಗೆ ಬಂತು. ದಸರಾ ನೋಡಿ ಬೆಳೆದ ನಮಗೆ ಈ ಚಿತ್ರ ಮನಸ್ಸಿನಲ್ಲಿ ತಂದುಕೊಳ್ಳುವುದು ಕಷ್ಟವೇನಲ್ಲ.

ಬಾಲದ ಕಡೆ, ಸಾಲಿನ ತೀರಾ ಕೆಳತುದಿಯಲ್ಲಿ, ಏರಿಕೆ ಅಷ್ಟಕ್ಕಷ್ಟೆ. ಅಲ್ಲಿದ್ದವರಲ್ಲಿ ಆಫ್ರಿಕಾದ ಕಡುಬಡವರು ಬಹಳ. ಅಲ್ಲಿಂದ ಮೇಲೇರಿ ಮಧ್ಯದಲ್ಲಿ ಆನೆಯ ಬೆನ್ನು. ಇಲ್ಲಿರುವವರು ಹೆಚ್ಚಾಗಿ ಚೀನಾದವರು, ಜೊತೆಗೆ ಭಾರತ, ವಿಯೆಟ್ನಾಂ, ಇಂಡೋನೇಷ್ಯಾದವರು. ಇಪ್ಪತ್ತು ವರ್ಷದಲ್ಲಿ ಇವರ ಆದಾಯ ಶೇ. 70ಕ್ಕೂ ಮೇಲೆ ಏರಿತ್ತು. ಮುಂದೆ ಹೋದರೆ, ಸಾಲಿನ ಶೇ. 80ರ ಆಸುಪಾಸಿನಲ್ಲಿ ಗೆರೆ ದಬಕ್ಕನೆ ಕೆಳಗೆ ಬೀಳುತ್ತದೆ. ಏರಿಕೆ ಸೊನ್ನೆಯ ಹತ್ತಿರ. ಅಲ್ಲಿ ನಿಂತವರು ಅಮೆರಿಕ, ಜರ್ಮನಿ, ಜಪಾನಿನಂಥ ಶ್ರೀಮಂತ ದೇಶಗಳ ಕೆಳ ಮಧ್ಯಮ ವರ್ಗದವರು. ಕೊನೆಗೆ ಸೊಂಡಿಲ ತುದಿ, ಜಗತ್ತಿನ ಮೇಲಿನ ಶೇ. 1 ಮಂದಿ. ಅವರಿಗೂ ಶೇ. 60ಕ್ಕಿಂತ ಜಾಸ್ತಿ ಏರಿಕೆ.

ಈ ಆನೆಯನ್ನು ಎಲ್ಲರೂ ತಮಗೆ ಬೇಕಾದ ಹಾಗೆ ಮುಟ್ಟಿ ನೋಡಿದರು. ಕುರುಡರ ಕತೆಯ ಹಾಗೆಯೇ. ಬೆನ್ನು ಹಿಡಿದವರು ಬಡತನ ಹೋಯಿತು ನೋಡಿ ಅಂದರು. ಸೊಂಡಿಲು ಹಿಡಿದವರು ಸಾಹುಕಾರರು ದೋಚಿದರು ಅಂದರು. ಎರಡು ಎಚ್ಚರಿಕೆ ಹೇಳಲೇಬೇಕು. ಶೇ. 80ರ ಆಸುಪಾಸಿನ ಆ ತಗ್ಗಿಗೆ ಸೋವಿಯತ್ ಒಕ್ಕೂಟ ಮುರಿದು ಬಿದ್ದದ್ದು, ಜಪಾನ್ ಮಂಕಾದದ್ದು ಕೂಡ ಕಾರಣ. ಎಲ್ಲ ತಪ್ಪೂ ವ್ಯಾಪಾರದ್ದಲ್ಲ. ಇನ್ನೊಂದು, ಇದೂ ಶೇಕಡಾ ಲೆಕ್ಕವೇ. ಅದೇ ಇಪ್ಪತ್ತು ವರ್ಷದಲ್ಲಿ ಜಗತ್ತಿನಲ್ಲಿ ಹೊಸದಾಗಿ ಸೇರಿದ ಆದಾಯವನ್ನು ಹಣದ ಲೆಕ್ಕದಲ್ಲಿ ಹಂಚಿ ನೋಡಿದರೆ, ಅದರಲ್ಲಿ ಸುಮಾರು ಶೇ. 44 ಹೋದದ್ದು ಮೇಲಿನ ಶೇ. 5 ಮಂದಿಗೆ.

ಇಷ್ಟಾದರೂ ಬೆನ್ನಿನ ಕತೆಯನ್ನು ಸಣ್ಣದು ಮಾಡಬಾರದು. ಚೀನಾ 1978ರ ಕೊನೆಗೆ ಬಾಗಿಲು ತೆರೆಯಲು ತೀರ್ಮಾನಿಸಿತು, 1980ರಲ್ಲಿ ಶೆನ್ಜೆನ್‌ನಲ್ಲಿ ವಿಶೇಷ ಆರ್ಥಿಕ ವಲಯ ಮಾಡಿತು, 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಸುಮಾರು ನಲವತ್ತು ವರ್ಷದಲ್ಲಿ ಅಲ್ಲಿ ಕಡುಬಡತನ ದಾಟಿದವರು ಹತ್ತಿರ ಹತ್ತಿರ 80 ಕೋಟಿ ಎನ್ನುತ್ತದೆ ವಿಶ್ವಬ್ಯಾಂಕ್. ಮನುಷ್ಯರ ಚರಿತ್ರೆಯಲ್ಲಿ ಇಷ್ಟು ಜನ ಇಷ್ಟು ಬೇಗ ಮೇಲೆದ್ದದ್ದಿಲ್ಲ. ಆದರೆ ಅದೇ ಚೀನಾದೊಳಗೆ ಏನಾಯಿತು? ಆದಾಯದ ಅಂತರ ಅಳೆಯಲು ಗಿನಿ ಸೂಚ್ಯಂಕ ಅಂತ ಒಂದಿದೆ. ಎಲ್ಲರಿಗೂ ಸಮಪಾಲು ಇದ್ದರೆ 0, ಒಬ್ಬನೇ ಎಲ್ಲ ಬಾಚಿಕೊಂಡರೆ 1. 1980ರ ದಶಕದ ಶುರುವಿನಲ್ಲಿ 0.3ರ ಹತ್ತಿರ ಇದ್ದ ಚೀನಾದ ಗಿನಿ 2008ಕ್ಕೆ 0.49 ಮುಟ್ಟಿತು. ಕರಾವಳಿಯ ಕಾರ್ಖಾನೆ ಊರುಗಳು ಹೊಳೆದವು, ಒಳನಾಡು ಹಿಂದೆ ಉಳಿಯಿತು. ಹಳ್ಳಿಯವರು ಪಟ್ಟಣಕ್ಕೆ ದುಡಿಯಲು ಹೋಗಬಹುದಿತ್ತು. ಆದರೆ 'ಹುಕೌ' ಎಂಬ ನೋಂದಣಿ ಪದ್ಧತಿಯಿಂದಾಗಿ ಪಟ್ಟಣದ ಶಾಲೆ, ಆಸ್ಪತ್ರೆ, ಮನೆಯ ಸವಲತ್ತು ಅವರಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ.

ಪುಸ್ತಕ ಹೇಳಿದ್ದೇ ಬೇರೆ

ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ಹೀಗಾಗಬಾರದಿತ್ತು. 1941ರಲ್ಲಿ ಸ್ಟಾಲ್ಪರ್ ಮತ್ತು ಸ್ಯಾಮುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಕೊಟ್ಟ ಪ್ರಸಿದ್ಧ ಸೂತ್ರದ ಸಾರ ಇದು: ವ್ಯಾಪಾರ ತೆರೆದಾಗ, ಒಂದು ದೇಶದಲ್ಲಿ ಯಾವುದು ಹೇರಳವಾಗಿದೆಯೋ ಅದಕ್ಕೆ ಬೆಲೆ ಬರುತ್ತದೆ. ಅಮೆರಿಕದಲ್ಲಿ ಬಂಡವಾಳ ಮತ್ತು ಓದಿದವರು ಹೇರಳ, ಅವರಿಗೆ ಲಾಭ. ಅಲ್ಲಿನ ಸಾಮಾನ್ಯ ಕೂಲಿಗೆ ನಷ್ಟ. ಭಾರತದಲ್ಲಿ ಹೇರಳವಾಗಿರುವುದು ಸಾಮಾನ್ಯ ದುಡಿಮೆಗಾರರು. ಹಾಗಾಗಿ ಇಲ್ಲಿ ಕೂಲಿ ಏರಬೇಕು, ಅಂತರ ತಗ್ಗಬೇಕು. ಅಮೆರಿಕದ ಮಟ್ಟಿಗೆ ಸೂತ್ರ ಹೆಚ್ಚುಕಡಿಮೆ ಸರಿಹೋಯಿತು. ನಮ್ಮಲ್ಲಿ ತಲೆಕೆಳಗಾಯಿತು.

ಯಾಕೆ? ನನಗೆ ಅನ್ನಿಸುವುದು ಇದು. ಪುಸ್ತಕದ ಲೆಕ್ಕದಲ್ಲಿ ದೇಶದೊಳಗೆ ಎಲ್ಲರೂ ಎಲ್ಲಿಗೆ ಬೇಕಾದರೂ ಸರಾಗವಾಗಿ ಹೋಗುತ್ತಾರೆ. ರೇಷ್ಮೆ ಬಿಟ್ಟವನು ಮಾರನೇ ದಿನ ಬೆಳೆಯುತ್ತಿರುವ ಬೇರೆ ಉದ್ಯಮದಲ್ಲಿ ಕೂತಿರುತ್ತಾನೆ. ನಿಜವಾದ ಊರುಗಳಲ್ಲಿ ಹಾಗಿರುವುದಿಲ್ಲ. ಜಾಗತೀಕರಣದ ಸಂತೆಯಲ್ಲಿ ಕೆಲವರಿಗೆ ಕಾಲಿದೆ, ಕೆಲವರಿಗೆ ಬೇರಿದೆ. ದುಡ್ಡಿಗೆ ಕಾಲಲ್ಲ, ರೆಕ್ಕೆಯೇ ಇದೆ. ಸರಕು 1956ರಲ್ಲಿ ಹಡಗಿನ ಕಂಟೇನರ್ ಬಂದ ಮೇಲೆ ಓಡತೊಡಗಿತು. ಸಾಫ್ಟ್‌ವೇರ್ ಬರೆಯುವವರ ಕೆಲಸಕ್ಕೆ ತಂತಿ ಸಾಕು. ಹಿಪ್ಪುನೇರಳೆ ತೋಟಕ್ಕೆ, ಅದನ್ನು ನಂಬಿದ ಮನೆಗೆ, ಸಾಲಕ್ಕೆ, ಜಾತಿ ಬಾಂಧವ್ಯಕ್ಕೆ, ಮಕ್ಕಳ ಶಾಲೆಗೆ ಬೇರು. ಕಾಲಿದ್ದವರಿಗೆ ಸಂತೆ, ಬೇರಿದ್ದವರಿಗೆ ಚಿಂತೆ.

ಬೆಂಗಳೂರನ್ನೇ ನೋಡಿ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದಾಗ ಅದರ ಕೆಲಸ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. ಬಂದರು ಬೇಡ, ಹೆದ್ದಾರಿ ಬೇಡ, ಸುಂಕದ ಕಟ್ಟೆ ಬೇಡ. 1991ರ ಆರ್ಥಿಕ ಸುಧಾರಣೆಯ ನಂತರ ದೇಶದ ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂಚೆ ಓಡಿದ್ದು ಈ ಗುಂಪು. ಆದರೆ ಅದಕ್ಕೆ ಟಿಕೆಟ್ ಇಂಜಿನಿಯರಿಂಗ್ ಡಿಗ್ರಿ ಮತ್ತು ಇಂಗ್ಲಿಷ್. ದೇಶದಲ್ಲಿ ಹೇರಳವಾಗಿದ್ದ ಕೈಗಳಿಗೆ ಆ ಟಿಕೆಟ್ ಇರಲಿಲ್ಲ. ಇವತ್ತು ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯ ನಾಲ್ಕೈದು ಪಟ್ಟು. ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ ವರದಿ ಕೊಟ್ಟದ್ದು 2002ರಲ್ಲಿ. ಆ ಅಂತರಕ್ಕೆಲ್ಲ ಜಾಗತೀಕರಣವೇ ಕಾರಣ ಅನ್ನುವುದು ತಪ್ಪಾಗುತ್ತದೆ, ಕಲಬುರಗಿ ಇರುವ ಹೈದರಾಬಾದ್ ಕರ್ನಾಟಕದ (ಈಗಿನ ಕಲ್ಯಾಣ ಕರ್ನಾಟಕ) ಕಷ್ಟ ಅದಕ್ಕಿಂತ ಹಳೆಯದು. ಆದರೆ ಮೊದಲೇ ಮುಂದಿದ್ದ ಊರಿಗೆ ಜಾಗತೀಕರಣ ಇನ್ನಷ್ಟು ಇಂಧನ ಹಾಕಿತು.

ಸಾಮಾನ್ಯ ಕೈಗಳಿಗೂ ಒಂದು ಬಾಗಿಲು ತೆರೆಯಿತು, ಅದು ಗಾರ್ಮೆಂಟ್ಸ್. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ಮೊದಲ ಸಲ ತಿಂಗಳ ಸಂಬಳ ಕಂಡರು. ಇದು ದೊಡ್ಡ ಬದಲಾವಣೆ. ಆದರೆ ಸಂಬಳ ಏರಿಸಿ ಅಂದ ಕೂಡಲೇ ಬರುವ ಉತ್ತರ ಎಲ್ಲ ದೇಶದ ಗಾರ್ಮೆಂಟ್ಸಿನಲ್ಲೂ ಒಂದೇ: ಆರ್ಡರ್ ಬೇರೆ ದೇಶಕ್ಕೆ ಹೋಗುತ್ತದೆ. 2005ರ ಜನವರಿ 1ಕ್ಕೆ ಶ್ರೀಮಂತ ದೇಶಗಳು ಬಟ್ಟೆ ಆಮದಿಗೆ ಹಾಕಿದ್ದ ಕೋಟಾ ಪದ್ಧತಿ ಮುಗಿದ ಮೇಲೆ ಈ ಮಾತಿಗೆ ಇನ್ನೂ ಬಲ ಬಂತು. ಆರ್ಡರಿಗೆ ಕಾಲಿದೆ. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರುವ ಹೆಂಗಸು ಢಾಕಾಕ್ಕೆ ಹೋಗುವಂತಿಲ್ಲ. ಚೌಕಾಸಿಯಲ್ಲಿ ಯಾರ ಕೈ ಮೇಲು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆದರೂ 2016ರ ಏಪ್ರಿಲಿನಲ್ಲಿ, ಪಿಎಫ್ ಹಣ ತೆಗೆಯುವ ನಿಯಮ ಕೇಂದ್ರ ಸರ್ಕಾರ ಬಿಗಿ ಮಾಡಿದಾಗ, ಇದೇ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ದೊಡ್ಡ ಸಂಘದ ಬಲವಿಲ್ಲದೆಯೇ. ಎರಡು ದಿನದಲ್ಲಿ ಸರ್ಕಾರ ನಿಯಮ ವಾಪಸ್ ಪಡೆಯಿತು.

ಕಾಲು ಮತ್ತು ಬೇರಿನ ಮಾತು ನನ್ನ ಕಲ್ಪನೆಯಷ್ಟೇ ಅಲ್ಲ. 1991ರ ನಂತರದ ಸುಂಕ ಕಡಿತವನ್ನು ಪೆಟಿಯಾ ಟೊಪಲೋವಾ ಎಂಬ ಅರ್ಥಶಾಸ್ತ್ರಜ್ಞೆ ಜಿಲ್ಲೆ ಜಿಲ್ಲೆಯಾಗಿ ಪರೀಕ್ಷಿಸಿದರು. ಆಗ ಭಾರತದ ಸರಾಸರಿ ಸುಂಕ ಶೇ. 80ಕ್ಕೂ ಮೇಲಿದ್ದದ್ದು ಐದಾರು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ದೇಶದಲ್ಲಿ ಒಟ್ಟಾರೆ ಬಡತನ ಇಳಿಯುತ್ತಿತ್ತು. ಆದರೆ ಸುಂಕ ಕಡಿತದ ಏಟು ಜಾಸ್ತಿ ಬಿದ್ದ ಜಿಲ್ಲೆಗಳ ಹಳ್ಳಿಗಳಲ್ಲಿ ಅದು ನಿಧಾನವಾಗಿ ಇಳಿಯಿತು. ಯಾಕೆಂದರೆ ಅಲ್ಲಿನ ಜನ ಬೇರೆ ಕಡೆಗೆ, ಬೇರೆ ಕಸುಬಿಗೆ ಹೋದದ್ದು ತೀರಾ ಕಡಿಮೆ.

ಇದು ಬಡ ದೇಶದ ಕಷ್ಟ, ಅಮೆರಿಕದವರು ಎಲ್ಲಿಗೆ ಬೇಕಾದರೂ ಹೋಗಿ ಬದುಕುತ್ತಾರೆ ಅಂದುಕೊಂಡಿದ್ದೆವು. ಅದೂ ಸುಳ್ಳಾಯಿತು. ಚೀನಾದ ಸರಕು ಅಮೆರಿಕಕ್ಕೆ ನುಗ್ಗಿದ ಮೇಲೆ ವರ್ಜೀನಿಯಾ, ನಾರ್ತ್ ಕ್ಯಾರೊಲಿನಾದ ಪೀಠೋಪಕರಣ ಮತ್ತು ಬಟ್ಟೆ ಕಾರ್ಖಾನೆಗಳ ಊರುಗಳು ಖಾಲಿ ಹೊಡೆದವು. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.7 ಕೋಟಿ ಜನ ಇದ್ದರು. 2010ಕ್ಕೆ ಅದು 1.15 ಕೋಟಿ. ಯಂತ್ರಗಳ ಪಾಲೂ ಇದರಲ್ಲಿದೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಚೀನಾದ ಪಾಲನ್ನು ಬೇರ್ಪಡಿಸಿ ತೋರಿಸಿತು. ಕೆಲಸ ಕಳೆದುಕೊಂಡವರಲ್ಲಿ ಬಹುಪಾಲು ಜನ ಊರು ಬಿಡಲಿಲ್ಲ. ಮನೆ ಮಾರಿದರೆ ಕೊಳ್ಳುವವರಿಲ್ಲ, ಅಮ್ಮನಿಗೆ ವಯಸ್ಸಾಗಿದೆ, ಐವತ್ತರ ಮೇಲೆ ಹೊಸ ಕಸುಬು ಯಾರು ಕಲಿಸುತ್ತಾರೆ? ವ್ಯಾಪಾರದಿಂದ ಕೆಲಸ ಹೋದವರಿಗೆಂದೇ ಅಮೆರಿಕದಲ್ಲಿ 1962ರಿಂದ ಒಂದು ಯೋಜನೆ ಇತ್ತು. ಆದರೆ ಈ ಊರುಗಳಿಗೆ ಅದರಿಂದ ಬಂದ ಹಣಕ್ಕಿಂತ ಅಂಗವೈಕಲ್ಯ ಭತ್ಯೆಯಾಗಿ ಬಂದ ಹಣವೇ ಎಷ್ಟೋ ಜಾಸ್ತಿ. ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ರೀಲರ್ ಮತ್ತು ವರ್ಜೀನಿಯಾದ ಬಡಗಿ ಒಬ್ಬರಿಗೊಬ್ಬರು ಗುರುತಿಲ್ಲದವರು. ಆದರೆ ಇಬ್ಬರ ಕತೆಯಲ್ಲೂ ಬರುವ ಸರಕು ಒಂದೇ ದೇಶದ್ದು.

ಹುಟ್ಟಿದ ಊರಿನ ಹಣೆಬರಹ

ದೇಶ ದೇಶಗಳ ನಡುವಿನ ಅಂತರ ಇನ್ನೂ ಯಾಕೆ ಇಷ್ಟು ದೊಡ್ಡದು ಎಂಬುದಕ್ಕೂ ಕಾಲಿನದ್ದೇ ಉತ್ತರ. ಕುಂದಾಪುರದ ಕಡೆಯ ಒಬ್ಬ ಅಡುಗೆಯವರು ಬೆಂಗಳೂರಿನ ಹೋಟೆಲಿನಲ್ಲಿ ಇಡ್ಲಿ ಬೇಯಿಸುತ್ತಾರೆ ಅಂದುಕೊಳ್ಳಿ. ಅವರ ತಮ್ಮ ನ್ಯೂಜೆರ್ಸಿಯಲ್ಲಿ ಬೇಯಿಸುತ್ತಾನೆ. ಅದೇ ಹಿಟ್ಟು, ಅದೇ ಹಬೆ. ಕೈಚಳಕ ಬೇಕಾದರೆ ಅಣ್ಣನದ್ದೇ ಮೇಲು. ಸಂಬಳ ಮಾತ್ರ ಎಷ್ಟೋ ಪಟ್ಟು ವ್ಯತ್ಯಾಸ. ಮಿಲನೋವಿಚ್ ಲೆಕ್ಕದ ಪ್ರಕಾರ, ಜಗತ್ತಿನ ಜನರ ಆದಾಯದಲ್ಲಿ ಕಾಣುವ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅವರು ಯಾವ ದೇಶದವರು ಅನ್ನುವ ಒಂದೇ ಸಂಗತಿ ವಿವರಿಸುತ್ತದೆ. ಸರಕು ಮತ್ತು ದುಡ್ಡು ಗಡಿ ದಾಟಲು ನೂರು ಒಪ್ಪಂದಗಳಿವೆ. ಮನುಷ್ಯ ಗಡಿ ದಾಟಲು ವೀಸಾ ಸಾಲು. ಹೆಚ್ಚು ಓದಿದ ಕೆಲಸಗಾರರಿಗೆಂದು ಅಮೆರಿಕ ವರ್ಷಕ್ಕೆ ಹೊಸದಾಗಿ ಕೊಡುವ ಎಚ್-1ಬಿ ವೀಸಾಗಳ ಸಾಮಾನ್ಯ ಮಿತಿ 85,000, ಅದೂ ಇಡೀ ಜಗತ್ತಿಗೆ. ಜಾಗತೀಕರಣದ ಈ ಒಂದು ಬಾಗಿಲನ್ನು ಯಾರೂ ಪೂರ್ತಿ ತೆರೆದೇ ಇಲ್ಲ.

ದುಡ್ಡಿನ ರೆಕ್ಕೆಯ ಕತೆ ಇದಕ್ಕೆ ತದ್ವಿರುದ್ಧ. ನೀವು ತೆರಿಗೆ ಜಾಸ್ತಿ ಹಾಕಿದರೆ ಅದು ಪಕ್ಕದ ದೇಶಕ್ಕೆ ಹಾರುತ್ತದೆ. ಐರ್ಲೆಂಡ್ ಕಂಪನಿ ತೆರಿಗೆಯನ್ನು ಶೇ. 12.5ಕ್ಕೆ ಇಟ್ಟು ದೊಡ್ಡ ದೊಡ್ಡ ಕಂಪನಿಗಳನ್ನು ಕರೆಸಿಕೊಂಡಿತು. ಅಮೆರಿಕ 2017ರಲ್ಲಿ ಶೇ. 35ರಿಂದ 21ಕ್ಕೆ ಇಳಿಸಿತು. ನಾವು 2019ರಲ್ಲಿ ಶೇ. 30ರಿಂದ 22ಕ್ಕೆ. ದುಡ್ಡಿನ ಹಿಂದೆ ಓಡಲಾಗದ ಸರ್ಕಾರಗಳು ಎಲ್ಲಿಗೂ ಓಡದವರ ಹತ್ತಿರ ವಸೂಲಿ ಮಾಡುತ್ತವೆ, ಅಂದರೆ ಸಂಬಳದವರ ಹತ್ತಿರ, ಸೋಪು ಎಣ್ಣೆ ಕೊಳ್ಳುವವರ ಹತ್ತಿರ. 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಕನಿಷ್ಠ ಶೇ. 15 ಕಂಪನಿ ತೆರಿಗೆಗೆ ಒಪ್ಪಿದ್ದು ಇದೇ ಕಾರಣಕ್ಕೆ. ಒಪ್ಪುವುದು ಬೇರೆ, ಮಾಡುವುದು ಬೇರೆ, ಅದಿರಲಿ.

ಹಾಗಾದರೆ ಬಾಗಿಲು ತೆರೆದ ದೇಶದಲ್ಲೆಲ್ಲ ಅಂತರ ಹಿಗ್ಗಲೇಬೇಕಾ? ಇಲ್ಲ. ಡೆನ್ಮಾರ್ಕ್ ನೋಡಿ. ಅದರ ಆಮದು ರಫ್ತು ಕೂಡಿಸಿದರೆ ದೇಶದ ಒಟ್ಟು ಉತ್ಪನ್ನಕ್ಕಿಂತ ಜಾಸ್ತಿ. ಅಮೆರಿಕದಲ್ಲಿ ಅದು ಕಾಲು ಭಾಗದ ಆಸುಪಾಸು. ಜಗತ್ತಿಗೆ ಜಾಸ್ತಿ ತೆರೆದುಕೊಂಡ ಡೆನ್ಮಾರ್ಕಿನ ಗಿನಿ 0.28ರ ಹತ್ತಿರ, ಕಡಿಮೆ ತೆರೆದುಕೊಂಡ ಅಮೆರಿಕದ್ದು 0.41ರ ಹತ್ತಿರ. ಡೆನ್ಮಾರ್ಕಿನಲ್ಲೂ ಕೆಲಸದಿಂದ ತೆಗೆಯುವುದು ಸುಲಭವೇ. ಆದರೆ ತೆಗೆದ ಮೇಲೆ ಭತ್ಯೆ, ಹೊಸ ಕಸುಬಿನ ತರಬೇತಿ, ಕೆಲಸ ಹುಡುಕಿಕೊಡುವ ವ್ಯವಸ್ಥೆಗೆ ಸರ್ಕಾರ ಧಾರಾಳವಾಗಿ ಖರ್ಚು ಮಾಡುತ್ತದೆ. ಕಸುಬನ್ನು ಉಳಿಸಲು ಒದ್ದಾಡದೆ ಮನುಷ್ಯನಿಗೆ ಕಾಲು ಕೊಡುವ ದಾರಿ ಇದು. ಬ್ರೆಜಿಲ್ ಕೂಡ 2000ದ ನಂತರ ಚೀನಾಕ್ಕೆ ಸೋಯಾ, ಕಬ್ಬಿಣದ ಅದಿರು ಮಾರುತ್ತಲೇ ಒಳಗಿನ ಅಂತರ ತಗ್ಗಿಸಿತು. 2003ರಲ್ಲಿ ಶುರುವಾದ ಬೊಲ್ಸಾ ಫಮೀಲಿಯಾ ಯೋಜನೆ ಬಡ ಮನೆಗಳಿಗೆ ನೇರ ಹಣ ಕೊಟ್ಟಿತು, ಕನಿಷ್ಠ ಕೂಲಿಯೂ ಏರಿತು.

ಭಾರತದ ಲೆಕ್ಕ ಮಾತ್ರ ಜಗಳದ್ದು. ಅರ್ಥಶಾಸ್ತ್ರಜ್ಞರಾದ ಲೂಕಾ ಚಾನ್ಸೆಲ್, ತೊಮಾ ಪಿಕೆಟ್ಟಿ ಮತ್ತು ಸಂಗಡಿಗರ ಅಂದಾಜಿನಲ್ಲಿ, 1980ರ ದಶಕದ ಶುರುವಿನಲ್ಲಿ ದೇಶದ ಆದಾಯದಲ್ಲಿ ಮೇಲಿನ ಶೇ. 1 ಮಂದಿಯ ಪಾಲು ಶೇ. 6ರಷ್ಟಿತ್ತು. 2022-23ಕ್ಕೆ ಅದು ಶೇ. 22.6. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಅದೇ ವರ್ಷ ಭಾರತದ ಗಿನಿ ಬರೀ 0.255, ಜಗತ್ತಿನ ಅತಿ ಸಮಾನ ದೇಶಗಳ ಸಾಲಿನಲ್ಲಿ ನಾವು! ಈ ಎರಡನೇ ಅಂಕಿ ಹಿಡಿದು ಬೀಗಿದವರೂ ಇದ್ದಾರೆ. ಆದರೆ ಅದು ಅಳೆಯುವುದು ಆದಾಯವನ್ನಲ್ಲ, ಮನೆಖರ್ಚನ್ನು. ಕೋಟಿ ದುಡಿದವನು ಕೋಟಿಯನ್ನೂ ಖರ್ಚು ಮಾಡುವುದಿಲ್ಲ, ಷೇರಿಗೆ ಹಾಕುತ್ತಾನೆ, ಸೈಟು ಕೊಳ್ಳುತ್ತಾನೆ. ಸಮೀಕ್ಷೆಯವರನ್ನು ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸುವುದೂ ಉಂಟು. ಮೊದಲನೇ ಅಂಕಿಯಲ್ಲೂ ತೆರಿಗೆ ಲೆಕ್ಕ, ಸಮೀಕ್ಷೆ ಎಲ್ಲ ಕೂಡಿಸಿ ಮಾಡಿದ ಊಹೆಗಳಿವೆ. ನನಗೆ ಅದೇ ನಿಜಕ್ಕೆ ಹತ್ತಿರ ಅನ್ನಿಸುತ್ತದೆ.

ರೇಷ್ಮೆಯ ಕತೆ ಎಲ್ಲಿಗೆ ಬಂತು? ಬೆಳೆಗಾರರ ಕೂಗಿನ ನಂತರ 2013ರ ಬಜೆಟ್ಟಿನಲ್ಲಿ ಸುಂಕ ಶೇ. 5ರಿಂದ 15ಕ್ಕೆ ಏರಿತು. ಚೀನಾದ ನೂಲಿಗೆ ಸಮನಾದ ನೂಲು ಇಲ್ಲೇ ತೆಗೆಯಬೇಕೆಂದು ಸರ್ಕಾರ ಒಳ್ಳೆಯ ನೂಲು ಕೊಡುವ ದ್ವಿತಳಿ (ಬೈವೋಲ್ಟೈನ್) ಗೂಡಿಗೆ ಉತ್ತೇಜನ ಕೊಟ್ಟಿತು, ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳಿಗೆ ಸಹಾಯಧನ ಕೊಟ್ಟಿತು. ದುಡ್ಡು ಹೊಂದಿಸಬಲ್ಲ ರೀಲರ್‌ಗಳು ಯಂತ್ರ ಹಾಕಿದರು. ಅವರ ನೂಲಿಗೆ ಒಳ್ಳೆಯ ಬೆಲೆ ಬಂತು. ಚರಕ ನಂಬಿದ ಸಣ್ಣ ರೀಲರ್ ಮಾತ್ರ ಇವತ್ತಿಗೂ ಹಬೆ ಏಳುವ ಬಿಸಿನೀರಿಗೆ ಬೆರಳು ಅದ್ದಿ ಎಳೆ ಹುಡುಕುತ್ತಾನೆ. ಅಂದ ಹಾಗೆ, ಆ ಯಂತ್ರಗಳು ಮೊದಮೊದಲು ಬಂದದ್ದು ಚೀನಾದಿಂದ.